ಐವತ್ತನೆಯ ಕಂಬ

ನಾನು ಬೋರ್ಡು ಬರೆಯುವವನು. ಇಪ್ಪತ್ತೆರಡು ವರ್ಷಗಳಿಂದ ನಮ್ಮ ಊರಿನ ಅಂಗಡಿಗಳ ಹಣೆಬರಹವನ್ನೆಲ್ಲ ಬರೆದದ್ದು ನಾನೇ. ‘ತಾಜಾ ಹಾಲು’ ಎಂದು ಬರೆಸಿಕೊಂಡವನ ಹಾಲು ತಾಜಾ ಅಲ್ಲದಿದ್ದರೆ ಅದು ಹಾಲಿನವನ ಪಾಪ, ಬರೆದವನದಲ್ಲ. ಈ ಧೈರ್ಯದ ಮೇಲೆ ಇಷ್ಟು ವರ್ಷ ನೆಮ್ಮದಿಯಾಗಿ ನಿದ್ದೆ ಮಾಡಿದೆ. ಆದರೆ ಒಂದೇ ಒಂದು ಸಲ, ಯಾರೂ ಹೇಳದೆ, ಯಾರೂ ಕೇಳದೆ, ಪುಕ್ಕಟೆಯಾಗಿ ಐದು ಅಂಕಿ ಬರೆದೆ. ಆ ಐದು ಅಂಕಿ ನನ್ನ ಅಕ್ಕನ ಅಡುಗೆಮನೆಯನ್ನು ನುಂಗಲು ಬಾಯಿ ತೆರೆದು ನಿಂತವು.

ಎಲ್ಲಕ್ಕೂ ಮೂಲ ನಮ್ಮ ಡಾಕ್ಟರು. ಹೊಟ್ಟೆ ಮುಂದೆ ಬಂದಿದೆ, ವಾರಕ್ಕೊಮ್ಮೆಯಾದರೂ ದೂರ ನಡೆಯಿರಿ ಎಂದರು. ಸುಮ್ಮನೆ ನಡೆಯುವುದೆಂದರೆ ನನಗೆ ನಾಚಿಕೆ. ದಾರಿಯಲ್ಲಿ ಯಾರಾದರೂ ಎಲ್ಲಿಗೆ ಹೊರಟಿರಿ ಎಂದು ಕೇಳಿದರೆ, ಹೊಟ್ಟೆ ಕರಗಿಸಲು ಎನ್ನುವುದು ಹೇಗೆ? ಅದೇ ಹೊತ್ತಿಗೆ ಸರ್ವೆ ಆಫೀಸಿನ ಬೋರ್ಡು ಬರೆಯಲು ಹೋಗಿದ್ದೆ. ಅಲ್ಲಿನ ಗೋಡೆಯ ನಕ್ಷೆಯಲ್ಲಿ ಬೆಟ್ಟಗಳ ನೆತ್ತಿಯ ಮೇಲೆಲ್ಲ ಒಂದೊಂದು ಚುಕ್ಕೆ, ಪಕ್ಕದಲ್ಲಿ ಐದಂಕಿಯ ನಂಬರು. ಅವು ಸರ್ವೆ ಕಂಬಗಳು ಎಂದು ಗುಮಾಸ್ತರು ತಿಳಿಸಿದರು. ಹಿಂದಿನವರು ಬೆಟ್ಟಗಳ ತುದಿಯಲ್ಲಿ ನೆಟ್ಟುಹೋದದ್ದು. ಊರು, ಹೊಲ, ರಸ್ತೆ ಎಲ್ಲದರ ಅಳತೆಯೂ ಅವುಗಳಿಂದಲೇ ಶುರು. ಈಗ ಯಾರೂ ಅತ್ತ ತಲೆ ಹಾಕುವುದಿಲ್ಲ ಎಂದು ಅವರು ಅಂದದ್ದೇ ತಡ, ನಾನು ತಲೆ ಹಾಕಿದೆ.

ಅಂದಿನಿಂದ ವಾರದ ರಜೆಗೊಂದು ಬೆಟ್ಟ. ಚೀಲದಲ್ಲಿ ನೀರು, ನಕ್ಷೆ, ನೋಟ್‌ಬುಕ್ಕು, ಒಂದು ಡಬ್ಬಿ ಬಿಳಿ ಬಣ್ಣ, ಒಂದು ಡಬ್ಬಿ ಕಪ್ಪು. ಕಂಬ ಸಿಕ್ಕಿದರೆ ತಲೆ ಮುಟ್ಟಿ, ಪಾಚಿ ಕೆರೆದು, ಬಿಳಿ ಬಳಿದು, ಮಾಸಿದ ನಂಬರನ್ನು ಇಲಾಖೆಯ ಅಚ್ಚಿನಲ್ಲೇ ತಿದ್ದಿ ಬರುತ್ತಿದ್ದೆ. ಕೆಲವು ಕಲ್ಲಿನವು, ಕೆಲವು ಸಿಮೆಂಟಿನವು, ಕೆಲವಕ್ಕೆ ತಲೆಯಲ್ಲಿ ಕಬ್ಬಿಣದ ಮೊಳೆ. ಎರಡು ವರ್ಷದಲ್ಲಿ ನಲವತ್ತೊಂಬತ್ತಾಯಿತು. ಹೊಟ್ಟೆ ಇದ್ದಲ್ಲೇ ಇತ್ತು, ಆದರೆ ಊರಿನಲ್ಲಿ ನನಗೊಂದು ಹೆಸರು ಬಂತು: ಕಂಬಣ್ಣ. ತಮಾಷೆಗೆ ಇಟ್ಟ ಹೆಸರೆಂದು ಹೆಂಡತಿ ಹೇಳಿದಳು. ನನಗೆ ಹಾಗನ್ನಿಸಲಿಲ್ಲ.

ಐವತ್ತನೆಯದನ್ನು ನಮ್ಮ ಊರಿನ ಬೆಟ್ಟಕ್ಕೇ ಮೀಸಲಿಟ್ಟಿದ್ದೆ. ಹತ್ತಿ ನೋಡಿದರೆ ಮನಸ್ಸು ಕೆಟ್ಟಿತು. ಸೊಂಟದೆತ್ತರದ ಸಿಮೆಂಟು ಕಂಬ; ಮೈಮೇಲೆ ನಂಬರಿಲ್ಲ, ಇಲಾಖೆಯ ಬಾಣದ ಗುರುತಿಲ್ಲ; ತಲೆಯಲ್ಲಿ ಆಳೆತ್ತರದ ತುಕ್ಕು ಹಿಡಿದ ಪೈಪು. ಯಾರೋ ಅವಿವೇಕಿ ಸರ್ಕಾರಿ ಕಂಬದ ತಲೆಗೇ ಪೈಪು ಚುಚ್ಚಿದ್ದಾನೆ! ಮುಂದಿನ ವಾರ ಗರಗಸ ಹೊತ್ತುಕೊಂಡು ಹೋಗಿ, ಎರಡು ಗಂಟೆ ಬೆವರು ಹರಿಸಿ ಪೈಪನ್ನು ಬುಡದಲ್ಲೇ ಕೊಯ್ದೆ. ತಲೆಗೆ ಸಿಮೆಂಟು ಮೆತ್ತಿದೆ. ಬಿಳಿ ಬಳಿದು, ಕಪ್ಪು ಪಟ್ಟಿ ಎಳೆದು, ಬಾಣ ಬಿಡಿಸಿ, ನಕ್ಷೆಯಲ್ಲಿದ್ದ ಐದಂಕಿಯನ್ನು ಬರೆದೆ. ನನ್ನ ಜೀವಮಾನದ ಅತ್ಯುತ್ತಮ ಅಂಕಿಗಳು ಅವು. ಅವುಗಳಲ್ಲೊಂದಾದ ಎಂಟನ್ನು ನೋಡಿ ನಾನೇ ಹತ್ತು ನಿಮಿಷ ಕೂತಿದ್ದೆ.

ಇಲಾಖೆಗೆ ಕಾಗದ ಬರೆದೆ. ಒಂದು ತಿಂಗಳಿಗೆ ಉತ್ತರ ಬಂತು: ನಿಮ್ಮ ನಿಸ್ವಾರ್ಥ ಸೇವೆಗೆ ಧನ್ಯವಾದಗಳು, ಐವತ್ತೂ ಕಂಬಗಳು ಸುಸ್ಥಿತಿಯಲ್ಲಿವೆ ಎಂದು ದಾಖಲಿಸಿಕೊಳ್ಳಲಾಗಿದೆ. ಅದಕ್ಕೆ ಕಟ್ಟು ಹಾಕಿಸಿ, ನಾನು ಬಣ್ಣದ ಕೆಲಸ ಮಾಡುವ ಮುಂದಿನ ಕೋಣೆಯಲ್ಲಿ, ಬಾಗಿಲಿಗೆ ಎದುರಾಗಿ ನೇತುಹಾಕಿದೆ. ಬಂದವರಿಗೆ ಅದನ್ನು ಓದದೆ ಒಳಗೆ ಬರಲು ದಾರಿಯೇ ಇರಲಿಲ್ಲ.

ನಾನು ಕೊಯ್ದು ತಂದ ಪೈಪನ್ನು ಹೆಂಡತಿ ಬಿಡಲಿಲ್ಲ. ಹಿತ್ತಿಲಲ್ಲಿ ನೆಟ್ಟು, ಹಗ್ಗ ಕಟ್ಟಿ ಬಟ್ಟೆ ಒಣಹಾಕತೊಡಗಿದಳು. ಪಕ್ಕದ ಮನೆಯೇ ಅಕ್ಕನದು. ನಡುವೆ ಒಂದು ಗೋಡೆ. ಒಂದು ದಿನ ಗಾಳಿಗೆ ನಮ್ಮ ಒದ್ದೆ ಹೊದಿಕೆ ಗೋಡೆಯಾಚೆ ಹಾರಿ, ಅಕ್ಕ ಬಿಸಿಲಿಗೆ ಹಾಕಿದ್ದ ಹೊಸ ಹಾಸಿಗೆಯ ಮೇಲೆ ಬಿತ್ತು. ಅಕ್ಕ ಒಂದು ಮಾತಂದಳು, ಇವಳು ಎರಡಂದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಮೂರಡಿ ದೂರದಲ್ಲಿ ನಿಂತರೂ "ನಿಮ್ಮ ಅಕ್ಕನಿಗೆ ಹೇಳಿ", "ನಿನ್ನ ಹೆಂಡ್ತಿಗೆ ಹೇಳು" ಎಂದು ನನ್ನ ಮೂಲಕವೇ ವ್ಯವಹಾರ. ಐದು ತಿಂಗಳು ನಾನೊಂದು ಟೆಲಿಫೋನು ತಂತಿಯಾಗಿ ಬಾಳಿದೆ.

ಆಗ ಬಂದ ಸರ್ವೆಯರ್. ಊರಿಗೊಂದು ಹೊಸ ರಸ್ತೆ ಮಂಜೂರಾಗಿತ್ತು. ಬಿಸಿಲಿಗೆ ಕತ್ತು ಕಂದಿದ, ಮಿತಭಾಷಿಯಾದ ಆ ಹುಡುಗುಮುಖದ ಮನುಷ್ಯ ಬೆಟ್ಟ ಹತ್ತಿದ, ನನ್ನ ಕಂಬದ ಮೇಲೆ ಯಂತ್ರವಿಟ್ಟ, ಅಲ್ಲಿಂದ ಅಳೆಯುತ್ತ ಇಳಿದ. ನಾನು ಅವನ ಹಿಂದೆಯೇ ತಿರುಗಿದೆ. ಕಂಬ ಹೇಗಿದೆ ಎಂದು ಎರಡು ಸಲ ಕೇಳಿದೆ. ಇಷ್ಟು ಸ್ಪಷ್ಟವಾದ ನಂಬರನ್ನು ತಾನು ಎಲ್ಲೂ ಕಂಡಿಲ್ಲ ಎಂದ. ಎದೆ ಉಬ್ಬಿ, ಅವನ ಗೂಟಗಳ ಕಟ್ಟನ್ನು ನಾನೇ ಹೊತ್ತುಕೊಂಡೆ. ಗೂಟಗಳು ಗದ್ದೆ ದಾಟಿದವು, ಶಾಲೆಯ ಮೈದಾನದ ಅಂಚು ಹಿಡಿದವು, ನಮ್ಮ ಬೀದಿಗೆ ಬಂದವು. ಕೊನೆಯ ಎರಡನ್ನು ಅವನು ಅಕ್ಕನ ಅಡುಗೆಮನೆಯ ಈ ಬದಿಗೊಂದು, ಆ ಬದಿಗೊಂದು ಹೊಡೆದ. ಸುತ್ತಿಗೆ ಎತ್ತಿ ಕೊಟ್ಟವನು ನಾನು.

ಅಕ್ಕ ಸೌಟು ಹಿಡಿದು ಹೊರಗೆ ಬಂದಳು. ಗೂಟ ನೋಡಿದಳು, ಸರ್ವೆಯರನ್ನು ನೋಡಿದಳು, ಆಮೇಲೆ ನನ್ನ ಹೆಗಲ ಮೇಲಿದ್ದ ಗೂಟದ ಕಟ್ಟನ್ನು ನೋಡಿದಳು. ಸೌಟು ಹಿಡಿದೇ ಒಳಗೆ ಹೋದಳು. ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮರುದಿನ ನೋಟೀಸು ಬಂತು. ಆಕ್ಷೇಪಣೆ ಇದ್ದವರು ಹದಿನೈದನೆಯ ದಿನ ಹನ್ನೊಂದು ಗಂಟೆಗೆ ವಿಚಾರಣೆಗೆ ಹಾಜರಾಗತಕ್ಕದ್ದು. ತಪ್ಪಿದಲ್ಲಿ ಗೂಟಗಳೇ ಅಂತಿಮ. ಭಾವ ಅದನ್ನು ಹಿಡಿದುಕೊಂಡು ನಮ್ಮ ಮುಂದಿನ ಕೋಣೆಗೆ ಬಂದು, ಕಟ್ಟು ಹಾಕಿದ ಕಾಗದದ ಎದುರು ನಿಂತರು. ಭಾವ ತೂಕದ ಯಂತ್ರ ರಿಪೇರಿ ಮಾಡುವವರು, ಮಾತೂ ತೂಕದ್ದೇ.

"ಇಲಾಖೆಯವರಿಗೆ ನೀನು ಬೇಕಾದವನು. ಒಂದು ಮಾತು ಹೇಳಿ ನೋಡು" ಎಂದರು. "ನಿನ್ನ ಅಕ್ಕ ನಿನ್ನೆಯಿಂದ ಒಲೆ ಹತ್ರಾನೇ ಕೂತಿದ್ದಾಳೆ. ಎದ್ರೆ ಯಾರಾದ್ರೂ ಕೆಡವಿಬಿಡ್ತಾರೆ ಅನ್ನೋ ಥರ."

ಹೇಳುತ್ತೇನೆ ಎಂದೆ. ಹೇಳುವ ಮೊದಲು ಕಂಬವನ್ನೊಮ್ಮೆ ನೋಡಿ ಬರೋಣ ಅನ್ನಿಸಿತು. ಮಾರನೆಯ ದಿನ ಬೆಳಿಗ್ಗೆಯೇ ಬೆಟ್ಟ ಹತ್ತಿ, ಕಂಬಕ್ಕೆ ಬೆನ್ನು ಕೊಟ್ಟು ಕೂತೆ. ಎದುರಿಗೆ, ಪಡುವಣ ದಿಬ್ಬದಲ್ಲಿ, ಒಂದು ಮುಳ್ಳಿನ ಪೊದೆ. ಸರ್ವೆಯರ್ ನೋಟಕ್ಕೆ ಅಡ್ಡವಾಗುವ ಕೊಂಬೆಗಳನ್ನು ಕಡಿಸಿದ್ದರಿಂದ ಪೊದೆ ಅರ್ಧ ಬೋಳಾಗಿತ್ತು. ಒಳಗೆ ಏನೋ ಚೌಕನೆಯದು ಕಂಡಿತು.

ಕೈ ಕಾಲು ಗೀರಿಸಿಕೊಂಡು ನುಗ್ಗಿದೆ. ಕಲ್ಲಿನ ಕಂಬ. ಮೇಲೆ ಉಳಿಯಲ್ಲಿ ಕೊರೆದ ಬಾಣ. ಕೆಳಗೆ ಉಳಿಯಲ್ಲಿ ಕೊರೆದ ಐದಂಕಿ. ನನ್ನ ಐದಂಕಿಯೇ!

ಹಾಗಾದರೆ ಅದು ಯಾವ ಕಂಬ? ತಿರುಗಿ ನೋಡಿದೆ. ಬಿಸಿಲಿನಲ್ಲಿ ಬೆಳ್ಳಗೆ ಹೊಳೆಯುತ್ತ, ಕಪ್ಪು ಪಟ್ಟಿ ಧರಿಸಿ, ಸುಳ್ಳುಬುರುಕ ನಿಂತಿತ್ತು. ಆಗ ನೆನಪಾಯಿತು: ಹತ್ತು ವರ್ಷದ ಹಿಂದೆ ನಮ್ಮ ಊರಿನ ಕೇಬಲ್ ಟಿವಿಯವನು ಬೆಟ್ಟದ ಮೇಲೆ ಆಂಟೆನಾ ನಿಲ್ಲಿಸಿದ್ದ. ಆಂಟೆನಾಕ್ಕೆ ಪೈಪು. ಪೈಪಿಗೆ ಸಿಮೆಂಟಿನ ಕಟ್ಟೆ.

ಎರಡರ ನಡುವೆ ಹೆಜ್ಜೆ ಹಾಕಿದೆ. ಹನ್ನೆರಡು ಹೆಜ್ಜೆ, ಹೆಜ್ಜೆಗೆ ಎರಡೂವರೆ ಅಡಿ. ನೋಟ್‌ಬುಕ್ಕಿನಲ್ಲಿ ಗುಣಿಸಿದೆ. ಅಷ್ಟು ಅಡಿ ರಸ್ತೆ ಮೂಡಲಿಗೆ ಸರಿದಿದೆ. ಅಷ್ಟು ಅಡಿ ಪಡುವಣಕ್ಕೆ ಸರಿಸಿದರೆ ಅಕ್ಕನ ಮನೆ ಉಳಿಯುತ್ತದೆ. ಸದ್ಯ, ಬದುಕಿದೆ ಎಂದು ಉಸಿರು ಬಿಟ್ಟೆ. ಆಮೇಲೆ, ಅಕ್ಕನ ಮನೆಯ ಪಡುವಣಕ್ಕೆ ಯಾರ ಮನೆ ಇದೆ ಎಂದು ಯೋಚಿಸಿದೆ. ಬಿಟ್ಟ ಉಸಿರು ಹಿಂದಕ್ಕೆ ಬರಲಿಲ್ಲ.

ಅಲ್ಲೇ ಕೂತು ನಕ್ಷೆ ಬರೆದೆ. ನನ್ನ ಬಣ್ಣದ ಕೋಣೆ ಪೂರ್ತಿ, ಪಡಸಾಲೆ ಪೂರ್ತಿ. ಅಡುಗೆಮನೆಯ ಗೋಡೆಯ ಅಂಚಿಗೆ ರಸ್ತೆ ಬಂದು ನಿಂತಿತು. ಅದಕ್ಕಿಂತ ಒಳಗೆ ಬರದ ಹಾಗೆ ಎರಡೆರಡು ಸಲ ಲೆಕ್ಕ ಹಾಕಿದೆ.

ಇನ್ನೊಂದು ಸಂಗತಿ ಇಳಿಯುವಾಗ ನೆನಪಾಯಿತು. ಸರ್ವೆ ಆಫೀಸಿನ ಬಾಗಿಲಲ್ಲೇ ಒಂದು ಬೋರ್ಡಿದೆ: ‘ಸರ್ವೆ ಗುರುತುಗಳಲ್ಲಿ ಕೈಯಾಡಿಸಿದವರಿಗೆ ಮೂರು ವರ್ಷ ಜೈಲು.’ ಬರೆದವನು ನಾನೇ. ‘ಜೈಲು’ ಎಂಬುದನ್ನು ಕೆಂಪಿನಲ್ಲಿ ಬರೆದರೆ ಜನಕ್ಕೆ ಭಯವಿರುತ್ತದೆ ಎಂದು ಸಲಹೆ ಕೊಟ್ಟವನೂ ನಾನೇ.

ನಿಜ ಹೇಳಿದರೆ ನನ್ನ ಮನೆ ಹೋಗುತ್ತದೆ, ಮೇಲೆ ಜೈಲು. ಹೇಳದಿದ್ದರೆ ಅಕ್ಕನ ಮನೆ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ನಾನು ಒಬ್ಬ ಸಾಮಾನ್ಯ ಮನುಷ್ಯ ಏನು ಮಾಡುತ್ತಾನೋ ಅದನ್ನೇ ಮಾಡಿದೆ: ಜ್ವರ ಎಂದು ಮಲಗಿದೆ.

ಜ್ವರ ಹತ್ತು ದಿನ ನಡೆಯಿತು. ಬೀದಿಯವರೆಲ್ಲ ನೋಡಲು ಬಂದರು. ನಿವೃತ್ತ ಹೆಡ್ಮಾಸ್ತರರು ಬಂದು, ಒಡಹುಟ್ಟಿದವಳ ಕಷ್ಟಕ್ಕೆ ಹೀಗೆ ಹಾಸಿಗೆ ಹಿಡಿದವನನ್ನು ತಾವು ಪುಸ್ತಕದಲ್ಲೂ ಓದಿಲ್ಲವೆಂದರು. ಕ್ಷೌರದಂಗಡಿಯವನು ಬಂದು, ಅಂಗಡಿಯಲ್ಲೆಲ್ಲ ನನ್ನದೇ ಮಾತು, ಎಲ್ಲರಿಗೂ ಕಣ್ಣೀರು ಬರುತ್ತಿದೆ, ಕತ್ತಿ ಹಿಡಿಯುವುದೇ ಕಷ್ಟವಾಗಿದೆ ಎಂದ. ಹೆಂಡತಿ ಮಾತ್ರ ಹಣೆ ಮುಟ್ಟಿ ನೋಡಿ, ತಣ್ಣಗಿದೆ ಎಂದು ಹೋದಳು. ಗೋಡೆಯಾಚೆ ಅಕ್ಕ ಪಾತ್ರೆಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ತುಂಬುವ ಸದ್ದು. ದಿನಕ್ಕೆ ನಾಲ್ಕೈದು ಪಾತ್ರೆ ತುಂಬುತ್ತಾಳೆ, ಬೇಕಾದಾಗ ಮತ್ತೆ ತೆಗೆಯುತ್ತಾಳೆ.

ಹನ್ನೆರಡನೆಯ ದಿನ ತಡೆಯಲಾಗಲಿಲ್ಲ. ಎದ್ದು ಕೇಬಲ್‌ನವನ ಹತ್ತಿರ ಹೋದೆ. ಆ ಕಟ್ಟೆ ತನ್ನದೆಂದು ಅವನೇ ಹೇಳಿದರೆ ನನ್ನ ಪಾಪ ಅರ್ಧ ಕಡಿಮೆಯಾಗುತ್ತದಲ್ಲ. ಅವನು ಬಾಗಿಲು ಹಾಕಿಕೊಂಡು ಕೂರಿಸಿದ. ಸರ್ಕಾರಿ ಬೆಟ್ಟದ ಮೇಲೆ ಪರವಾನಗಿಯಿಲ್ಲದೆ ಕಟ್ಟಿದ್ದು, ಅದು ತನ್ನದೆಂದು ತಾನು ಯಾವ ಜನ್ಮದಲ್ಲೂ ಹೇಳುವುದಿಲ್ಲ ಎಂದ. ತಾನು ಬೆಟ್ಟವನ್ನೇ ಹತ್ತಿಲ್ಲ, ತನಗೆ ಎತ್ತರ ಕಂಡರೆ ತಲೆ ಸುತ್ತುತ್ತದೆ ಎಂದ. ಮಾತಾಡುವಾಗ ಅವನು ಏಣಿಯ ಮೇಲಿದ್ದ.

ಹದಿನೈದನೆಯ ದಿನ ಹನ್ನೊಂದು ಗಂಟೆಗೆ ವಿಚಾರಣೆ. ಸರ್ವೆ ಆಫೀಸಿನ ಉದ್ದನೆಯ ಕೋಣೆ. ಒಂದು ಮೇಜು, ಮೇಜಿನ ಮೇಲೆ ಗಾಜು, ಗಾಜಿನ ಕೆಳಗೆ ನಕ್ಷೆ. ಮೇಲಧಿಕಾರಿ ಒಬ್ಬ ಹೆಂಗಸು. ಎಲ್ಲರೂ ಮೇಡಂ ಎನ್ನುತ್ತಿದ್ದರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಮಾತಾಡುವವರ ಮುಖ ನೋಡದೆ ಕೈ ನೋಡುವ ಅಭ್ಯಾಸ ಅವರದು. ಒಂದು ಬದಿಗೆ ಸರ್ವೆಯರ್, ಇನ್ನೊಂದು ಬದಿಗೆ ಅಕ್ಕ, ಭಾವ. ಹಿಂದೆ ಇಡೀ ಬೀದಿ. ಕೇಬಲ್‌ನವನೂ ಬಂದಿದ್ದ, ಕಂಬದ ಮಾತು ಎಲ್ಲಿಗೆ ಹೋಗುತ್ತದೋ ನೋಡಲು.

ಅಕ್ಕನಿಗೆ ಏನು ಹೇಳುವುದಿದೆ ಎಂದು ಮೇಡಂ ಕೇಳಿದರು. ಅಕ್ಕ ಎದ್ದು, "ನಮ್ಮಮ್ಮ ಕಟ್ಟಿಸಿದ ಒಲೆ ಅದು" ಎಂದಳು. ಅಷ್ಟೇ ಹೇಳಿ ಕೂತಳು.

ನನ್ನ ಕೈ ತಾನಾಗಿಯೇ ಮೇಲೆದ್ದಿತ್ತು. "ಮೇಡಂ, ಆ ಕಂಬ ಸರ್ವೆ ಕಂಬ ಅಲ್ಲ. ಅದಕ್ಕೆ ನಂಬರು ಬರೆದವನು ನಾನು. ನಿಜವಾದ ಕಂಬ ಪೊದೆಯೊಳಗಿದೆ."

ನಾನು ಜೈಲಿಗೆ ಸಿದ್ಧನಾಗಿ ಕಣ್ಣು ಮುಚ್ಚಿದೆ. ಕಿವಿಗೆ ಬಿದ್ದದ್ದು ಬಿಕ್ಕಳಿಕೆ. ಅಕ್ಕ ಅಳುತ್ತಿದ್ದಳು. "ನನ್ನ ಮನೆ ಉಳಿಸೋಕೆ ಸುಳ್ಳು ಹೇಳ್ತಿದ್ದಾನೆ" ಎಂದಳು. "ಹೇಳಬೇಡ ಕಣೋ. ನಿನ್ನನ್ನ ಹಿಡ್ಕೊಂಡು ಹೋಗ್ತಾರೆ. ಹೋದ್ರೆ ಹೋಗ್ಲಿ ಒಲೆ."

ಹಿಂದಿನ ಸಾಲಿನಲ್ಲಿ ಕ್ಷೌರದಂಗಡಿಯವನು ಮೂಗೊರೆಸಿಕೊಂಡ. ನಾನು ಸುಳ್ಳಲ್ಲ, ನಿಜ ಎಂದೆ. ಇಂಥ ತಮ್ಮ ಇನ್ನೆಲ್ಲಿ ಸಿಗುತ್ತಾನೆ ಎಂದು ಯಾರೋ ಅಂದರು. ಆಣೆ ಮಾಡಿದೆ. ನೋಡಿ, ಅಕ್ಕನಿಗಾಗಿ ಸುಳ್ಳು ಆಣೆಯನ್ನೂ ಮಾಡುತ್ತಾನೆ ಎಂದರು. ಇಪ್ಪತ್ತೆರಡು ವರ್ಷ ಬರೆದ ಸುಳ್ಳನ್ನೆಲ್ಲ ನಂಬಿದ ಊರು ನಾನು ಹೇಳಿದ ಒಂದು ನಿಜವನ್ನು ನಂಬಲು ತಯಾರಿರಲಿಲ್ಲ.

ಮೇಡಂ ಕಡತದಿಂದ ಒಂದು ಕಾಗದ ತೆಗೆದರು. ನನ್ನದೇ ಕಾಗದ. ‘ಖುದ್ದಾಗಿ ಪರೀಕ್ಷಿಸಿ ದೃಢಪಡಿಸಿದ್ದೇನೆ’ ಎಂಬ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದರು.

"ಐವತ್ತು ಕಂಬ ನೋಡಿದವರು ಸರ್ವೆ ಕಂಬ ಯಾವುದು, ಬೇರೆ ಯಾವುದು ಅಂತ ತಿಳಿಯದಷ್ಟು ದಡ್ಡರಾಗಿರೋಕೆ ಸಾಧ್ಯ ಇಲ್ಲ" ಎಂದರು. "ವಿಚಾರಣೆಯಲ್ಲಿ ಸುಳ್ಳು ಹೇಳೋದೂ ಅಪರಾಧ. ನೀವು ಅಷ್ಟು ದಡ್ಡರು ಅನ್ನೋದಕ್ಕೆ ಸಾಕ್ಷಿ ಇದ್ರೆ ಹನ್ನೆರಡು ಗಂಟೆಯೊಳಗೆ ಹಾಜರುಮಾಡಿ. ಇಲ್ಲ ಅಂದ್ರೆ ಸಹಿ ಹಾಕ್ತೀನಿ."

ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಮುಕ್ಕಾಲು. ಬೇರೆ ದಿನವಾಗಿದ್ದರೆ ನಾನು ದಡ್ಡನೆನ್ನಲು ನಮ್ಮ ಬೀದಿಯಲ್ಲಿ ಸಾಲು ನಿಲ್ಲುತ್ತಿತ್ತು. ಹೆಡ್ಮಾಸ್ತರರ ಕಡೆ ತಿರುಗಿ, ಸರ್, ನೀವೇ ನನ್ನನ್ನು ಎರಡು ವರ್ಷ ಒಂದೇ ತರಗತಿಯಲ್ಲಿ ಕೂರಿಸಿದಿರಲ್ಲ ಎಂದು ಜ್ಞಾಪಿಸಿದೆ. ಅವರು ಗಂಟಲು ಸರಿಮಾಡಿಕೊಂಡು, ಅದು ಬುನಾದಿ ಗಟ್ಟಿಯಾಗಲಿ ಎಂದು, ಹುಡುಗ ಆಗಲೇ ಚುರುಕಾಗಿದ್ದ ಎಂದರು. ಕ್ಷೌರದಂಗಡಿಯವನಿಗೆ, ಅವನ ಬೋರ್ಡನ್ನು ತಲೆಕೆಳಗಾಗಿ ಹೊಡೆದದ್ದನ್ನು ನೆನಪಿಸಿದೆ. ಅದರಿಂದ ಗಿರಾಕಿ ಜಾಸ್ತಿಯಾದರು, ಅದು ಬುದ್ಧಿವಂತಿಕೆ ಎಂದ. ಕೇಬಲ್‌ನವನು ಮಾತ್ರ ಕೇಳದೆಯೇ ಎದ್ದು, ಆ ಬೆಟ್ಟದ ಮೇಲೆ ಸರ್ವೆ ಕಂಬ ಬಿಟ್ಟು ಬೇರಾವ ಕಂಬವೂ ಇಲ್ಲವೆಂದು ಖಚಿತವಾಗಿ ಹೇಳಿದ. ಬೆಟ್ಟ ಹತ್ತಿದವರಲ್ಲವಲ್ಲ ನೀವು ಎಂದೆ. ಕೇಳಿ ಗೊತ್ತು ಎಂದ.

ಹನ್ನೆರಡಕ್ಕೆ ಐದು ನಿಮಿಷ. ಮೇಡಂ ಪೆನ್ನಿನ ಮುಚ್ಚಳ ತೆಗೆದರು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೆಲ ನೋಡುತ್ತಿದ್ದಳು. ನಾನು ಅವಳ ಮುಖ ನೋಡಲಾರದೆ ಗಡಿಯಾರ ನೋಡಿದೆ. ಆಗ ಹೊರಗೆ, ಕಬ್ಬಿಣವನ್ನು ನೆಲದ ಮೇಲೆ ಎಳೆದು ತರುವ ಗರಗರ ಸದ್ದು ಕೇಳಿತು. ಸದ್ದು ಮೆಟ್ಟಿಲು ಹತ್ತಿತು. ಬಾಗಿಲಲ್ಲಿ ನನ್ನ ಹೆಂಡತಿ ನಿಂತಿದ್ದಳು. ಕೈಯಲ್ಲಿ ಬಟ್ಟೆಯ ಕಂಬ. ತುದಿಯಲ್ಲಿ ಬಿಚ್ಚಲು ಪುರಸೊತ್ತಿಲ್ಲದ ಹಗ್ಗ, ಹಗ್ಗದಲ್ಲಿ ನನ್ನದೇ ಒಂದು ಬನಿಯನ್ನು.

"ಇವ್ರು ದಡ್ಡರು ಅಂತ ಸಾಕ್ಷಿ ಬೇಕಂತೆ, ಹೊರಗಡೆ ಹೇಳಿದ್ರು. ಎಲ್ಲಿ ಕೂತ್ಕೊಳ್ಲಿ?" ಎಂದು ಕೇಳಿದಳು.

ಗುಮಾಸ್ತರು ಕುರ್ಚಿ ಹಾಕಿದರು. ಅವಳು ಕೂತು, ಪೈಪನ್ನು ಮಡಿಲಿಗೆ ಅಡ್ಡವಾಗಿಟ್ಟುಕೊಂಡು ಶುರುಮಾಡಿದಳು. ಹೇಳಿದ್ದನ್ನೆಲ್ಲ ಇಲ್ಲಿ ಬರೆಯಲು ನನಗೆ ಇಷ್ಟವಿಲ್ಲ. ಮದುವೆಯ ಮರುವಾರ ನಾನು ಸ್ವಂತ ಮನೆಯ ನಂಬರನ್ನು ತಪ್ಪಾಗಿ ಬರೆದು, ಮೂರು ತಿಂಗಳು ನಮ್ಮ ಅಂಚೆಯೆಲ್ಲ ಹಿಟ್ಟಿನ ಗಿರಣಿಗೆ ಹೋದದ್ದರಿಂದ ಹಿಡಿದು, ಒದ್ದೆ ಬಣ್ಣದ ಬೆಂಚಿನ ಮೇಲೆ ‘ಒದ್ದೆ ಬಣ್ಣ’ ಎಂದು ಬರೆದು ಅದರ ಮೇಲೇ ಕೂತದ್ದರವರೆಗೆ, ತಾರೀಖು ಸಮೇತ. ಗುಮಾಸ್ತರು ಬರೆದುಕೊಳ್ಳುತ್ತ ಎರಡು ಸಲ ನಿಧಾನ ಎಂದರು. ಮೇಡಂ ಒಂದು ಸಲವೂ ತಡೆಯಲಿಲ್ಲ. ಗಡಿಯಾರ ಹನ್ನೆರಡು ಹೊಡೆದದ್ದು ಯಾರಿಗೂ ಬೇಕಿರಲಿಲ್ಲ.

"ಕೊನೆಗೆ ಇದು" ಎಂದು ಹೆಂಡತಿ ಪೈಪನ್ನು ಮೇಜಿನ ಗಾಜಿನ ಮೇಲಿಟ್ಟಳು. "ಆ ಕಂಬದ ತಲೆಯಿಂದ ಕೊಯ್ದು ತಂದಿದ್ದು. ಐದು ತಿಂಗಳಿಂದ ಒದ್ದೆ ಬಟ್ಟೆ ಉಜ್ಜಿ ಉಜ್ಜಿ ತುಕ್ಕು ಹೋಗಿದೆ. ಏನು ಬರೆದಿದೆ ಓದಿ."

ಮೇಡಂ ಕನ್ನಡಕ ಮೇಲೇರಿಸಿದರು. ತುಕ್ಕಿನ ನಡುವೆ ಹಳದಿ ಅಕ್ಷರಗಳು: ‘ಕೇಬಲ್ ಆಂಟೆನಾ. ಮುಟ್ಟಬೇಡಿ.’ ಅಕ್ಷರಗಳ ಕೊನೆಯಲ್ಲಿ ಒಂದು ಪುಟ್ಟ ಎಲೆ. ನಾನು ಬರೆದ ಬೋರ್ಡುಗಳ ಕೆಳಗೆಲ್ಲ ಇರುವ ಎಲೆ. ಹತ್ತು ವರ್ಷದ ಹಿಂದೆ ನೆಲದ ಮೇಲಿದ್ದ ಪೈಪಿಗೆ ನಾನೇ ಬರೆದು, ಬೆಟ್ಟದ ತುದಿಯಲ್ಲಿ ನಾನೇ ಗುರುತು ಹಿಡಿಯದೆ, ಎರಡು ಗಂಟೆ ಕೂತು ನಾನೇ ಕೊಯ್ದು ತಂದಿದ್ದೆ.

ಮೇಡಂ ನನ್ನ ಕೈ ಬಿಟ್ಟು ಮೊದಲ ಸಲ ಮುಖ ನೋಡಿದರು. ಬಹಳ ಹೊತ್ತು ನೋಡಿ, "ಒಪ್ಪಿಕೊಂಡೆ" ಎಂದರು. ಕೇಬಲ್‌ನವನು ಬಾಗಿಲ ಕಡೆ ಜರುಗುತ್ತಿದ್ದ. ಅವನನ್ನು ಹಿಡಿದು ಕೂರಿಸಲಾಯಿತು.

ಮಧ್ಯಾಹ್ನವೇ ಎಲ್ಲರೂ ಬೆಟ್ಟ ಹತ್ತಿದೆವು. ನನ್ನ ಸಿಮೆಂಟು ಕೆತ್ತಿ ನೋಡಿದರೆ ಪೈಪಿನ ಬುಡ ಒಳಗೇ ಇತ್ತು. ಹೆಂಡತಿಯ ಪೈಪು ಅದರ ಮೇಲೆ ಗರಗಸದ ಹಲ್ಲಿಗೆ ಹಲ್ಲು ಸೇರಿ ಕೂತಿತು. ಪೊದೆಯೊಳಗಿನ ಕಲ್ಲನ್ನು ಮೇಡಂ ಕೈಯಿಂದ ಸವರಿ ಅಂಕಿ ಓದಿದರು. ಸರ್ವೆಯರ್ ತಲೆ ತಗ್ಗಿಸಿ, ಅಷ್ಟು ಚೆಂದದ ಅಕ್ಷರ ಸುಳ್ಳು ಹೇಳುತ್ತದೆಂದು ತನಗೆ ಅನ್ನಿಸಲಿಲ್ಲ ಎಂದ. ವೃತ್ತಿಯಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಹೊಗಳಿಕೆ ಅದು, ಆದರೆ ಸಂತೋಷಪಡುವ ಹೊತ್ತಲ್ಲ. ಮೂರು ವರ್ಷದ ಜೈಲು ಯಾವಾಗ ಶುರು ಎಂದು ಮೇಡಂ ಅವರನ್ನು ಕೇಳಿದೆ.

"ನೀವು ಸರ್ವೆ ಗುರುತನ್ನ ಮುಟ್ಟೇ ಇಲ್ಲ. ಕೇಬಲ್‌ನವರ ಕಟ್ಟೆಗೆ ಬಣ್ಣ ಹೊಡೆದಿದ್ದೀರಿ. ಅದಕ್ಕೆ ಕಾನೂನು ಇಲ್ಲ" ಎಂದರು. ನಾನು ಚೀಲದಿಂದ ಬಣ್ಣದ ಡಬ್ಬಿ ತೆಗೆದು, ಈ ನಿಜವಾದ ಕಲ್ಲಿಗೆ ಒಂದು ಕೋಟು ಎನ್ನುವಷ್ಟರಲ್ಲಿ, ಡಬ್ಬಿಯನ್ನು ಅವರೇ ಇಸಿದುಕೊಂಡರು.

ಮರುದಿನ ಹೊಸ ಅಳತೆ. ಅಕ್ಕನ ಅಡುಗೆಮನೆಯ ಗೂಟಗಳನ್ನು ಕಿತ್ತರು. ಅವಳು ಆ ಗುಳಿಗಳನ್ನು ಕಾಲಿನಿಂದ ಮುಚ್ಚುತ್ತ ನಗುತ್ತಿದ್ದಳು. ಸರ್ವೆಯರ್ ಅಳೆಯುತ್ತ ಗೋಡೆ ದಾಟಿ ನಮ್ಮ ಕಡೆ ಬಂದ. ನಗು ನಿಂತಿತು. ಮೊದಲ ಗೂಟ ನನ್ನ ಬಣ್ಣದ ಕೋಣೆಯ ಮೂಲೆಗೆ, ಕಟ್ಟು ಹಾಕಿದ ಕಾಗದದ ನೇರ ಕೆಳಗೆ. ಎರಡನೆಯದಕ್ಕೆ ನಾನು ಪಡಸಾಲೆಯ ಕೊನೆ ತೋರಿಸಿದೆ. ಅವನು ಇನ್ನೂ ಮುಂದೆ ಹೋಗಿ, ಅಡುಗೆಮನೆಯೊಳಗೆ, ಒಲೆಯ ಪಕ್ಕದಲ್ಲಿ ಗೂಟ ಊರಿದ.

ಅಲ್ಲಲ್ಲ, ತಪ್ಪಿದೆ, ನಾನು ಲೆಕ್ಕ ಹಾಕಿದ್ದೇನೆ ಎಂದೆ. ಹೆಂಡತಿ ಒಲೆಯ ಮೇಲಿನ ಪಾತ್ರೆಯನ್ನು ಇಳಿಸಿ, ಗೂಟಕ್ಕೆ ಜಾಗ ಬಿಟ್ಟು ಸರಿದು ನಿಂತಳು.

"ಹನ್ನೆರಡು ಎರಡೂವರೆ ಮೂವತ್ತು" ಎಂದಳು. "ನೀವು ಇಪ್ಪತ್ತೇಳು ಅಂತ ಹಾಕಿದ್ರಿ. ಜ್ವರ ಅಂತ ಮಲಗಿದ ದಿನಾನೇ ನೋಟ್‌ಬುಕ್ಕು ನೋಡ್ದೆ."

ನಾನು ಹೆದರಿದ್ದು ಎರಡು ಕೋಣೆಗಳಿಗೆ. ಅವಳಿಗೆ ತನ್ನ ಅಡುಗೆಮನೆಯೂ ಹೋಗುತ್ತದೆಂದು ಮೊದಲೇ ಗೊತ್ತಿತ್ತು. ಗೊತ್ತಿದ್ದೂ, ಮಾತು ಬಿಟ್ಟ ನನ್ನ ಅಕ್ಕನ ಒಲೆಗಾಗಿ ಆ ಪೈಪನ್ನು ಇಡೀ ಬೀದಿಯುದ್ದಕ್ಕೂ ಎಳೆದು ತಂದಿದ್ದಳು. ಮತ್ತೆ ಯಾಕೆ ಬಂದೆ ಎಂದು ಕೇಳಿದೆ.

ಬಾಗಿಲಲ್ಲಿ ಅಕ್ಕ ಬಂದು ನಿಂತಿದ್ದಳು. ಹೆಂಡತಿ ಅವಳನ್ನು ನೋಡಿದರೂ ನೋಡದವಳಂತೆ, ಪಾತ್ರೆಯ ಬುಡವನ್ನು ಬಟ್ಟೆಯಿಂದ ಒರೆಸುತ್ತ ನನಗೆ ಉತ್ತರ ಕೊಟ್ಟಳು.

"ನೀವು ದಡ್ಡರು ಅಂತ ಹೇಳೋಕೆ ಆಫೀಸಿನವ್ರು ಕುರ್ಚಿ ಹಾಕಿ, ಬರ್ಕೊಂಡು, ಸಹಿ ಹಾಕಿಸ್ಕೊಂಡ್ರು. ಇಪ್ಪತ್ತು ವರ್ಷಕ್ಕೆ ಒಂದ್ಸಲ ಸಿಗೋ ಅವಕಾಶ. ಒಂದು ಅಡುಗೆಮನೆಗೋಸ್ಕರ ಬಿಡೋಕಾಗುತ್ತಾ?"

ಅಕ್ಕ ಒಳಗೆ ಬಂದಳು. ನನ್ನನ್ನು ದಾಟಿ ನೇರವಾಗಿ ಹೋಗಿ, ಹೆಂಡತಿಯ ಕೈಯಿಂದ ಪಾತ್ರೆ ತೆಗೆದುಕೊಂಡು, "ಉಳಿದದ್ದನ್ನೂ ಎತ್ತಿಕೋ, ನಮ್ಮಲ್ಲಿ ಒಲೆ ದೊಡ್ಡದಿದೆ" ಎಂದಳು. ಹೇಳಿದ್ದು ನನ್ನ ಮೂಲಕ ಅಲ್ಲ.

ಇಬ್ಬರೂ ಪಾತ್ರೆ ಹೊತ್ತುಕೊಂಡು ಪಕ್ಕದ ಮನೆಗೆ ನಡೆದರು. ಹಿಂದಿನಿಂದ ನಾನು ಪೈಪು ಹೊತ್ತುಕೊಂಡು ಹೋದೆ.